ಮಧ್ಯಾಹ್ನದ ಕನಸಿಗೆ ಕಾವಲು

ಬಿಸಿಲಿನಲ್ಲಿ ಒಣಗಿದ ಹಾಸಿಗೆಗೆ ಒಂದು ವಾಸನೆಯಿದೆ. ಹಳೆಯ ಹತ್ತಿ, ಸೋಪು, ಕಾದ ಕಲ್ಲು ಮೂರೂ ಬೆರೆತದ್ದು. ಚಿಕ್ಕಂದಿನಲ್ಲಿ ಅಮ್ಮ ಹಾಸಿಗೆ ಒಳಗೆ ತಂದು ಹಾಸಿದೊಡನೆ ಅದರ ಮೇಲೆ ಬೋರಲು ಬಿದ್ದು, ಆ ವಾಸನೆಯಲ್ಲೇ ನಿದ್ದೆಹೋಗುತ್ತಿದ್ದ ಹುಡುಗನಿಗೆ ಈಗ ಐವತ್ತೆರಡು ವರ್ಷ. ಭೂಮಾಪನ ಕಚೇರಿಯಲ್ಲಿ ನಕಾಶೆ ಬರೆಯುವ ಕೆಲಸ. ಬೀದಿಯವರಿಗೆಲ್ಲ ಅವರು ‘ನಕಾಶೆಯವರು’.

ಎರಡು ವಾರದಿಂದ ಅವರು ಊಟದ ಬಿಡುವಿನಲ್ಲಿ ಕದ್ದು ಮನೆಗೆ ಬಂದು ಮಲಗುತ್ತಿದ್ದರು. ಮಲಗಿದರೆ ಅದೇ ಕನಸು. ತೀರಿಕೊಂಡ ಅಮ್ಮ ಮೆಟ್ಟಿಲ ಮೇಲೆ ಬೆನ್ನು ತೋರಿಸಿ ಕೂತು ದುಪ್ಪಟಿ ಮಡಿಸುತ್ತಿರುತ್ತಾರೆ. ಇವರು ಕರೆಯುತ್ತಾರೆ. ಆಕೆ ತಿರುಗಿ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಎಚ್ಚರ. ರಾತ್ರಿ ಎಷ್ಟು ಹೊರಳಾಡಿದರೂ ಈ ಕನಸು ಬರದು. ಆ ಒಂದು ಮಾತು ಕೇಳಿಬಿಟ್ಟರೆ ಸಾಕಿತ್ತು. ಆದರೆ ಸೀಟು ಇನ್ನೊಮ್ಮೆ ಖಾಲಿ ಕಂಡರೆ ದೂರದೂರಿಗೆ ವರ್ಗ ಎಂದು ಸಾಹೇಬರು ಆಗಲೇ ಗದರಿದ್ದರು.

ಅದರ ಮೇಲೆ, ಹೋದ ಭಾನುವಾರ ಹೆಂಡತಿ ಮನೆಗೆ ಕಳ್ಳರ ಅಲಾರಂ ಹಾಕಿಸಿದರು. ಮುಂಬಾಗಿಲಿನಿಂದ ಬಂದರೆ ಆಕೆಯ ಫೋನಿಗೆ ಸುದ್ದಿ ಹೋಗುತ್ತದೆ. ಕೋಣೆಯ ಗೋಡೆಯಲ್ಲಿ, ಅಲುಗಾಟ ಕಂಡರೆ ಅರಚುವ ಒಂದು ಕಣ್ಣು ಬೇರೆ. ನಕಾಶೆಯವರು ಮನೆಯದೇ ನಕಾಶೆ ಬರೆದರು. ಕಣ್ಣಿಗೆ ಕಾಣುವ ಜಾಗಕ್ಕೆ ನೀಲಿ ಪೆನ್ಸಿಲ್ ತೀಡಿದರು. ಬಚ್ಚಲ ಕಿಟಕಿಯಿಂದ ಇಳಿದು, ಅಂಬೆಗಾಲಿಟ್ಟು ಹೋದರೆ ಮಂಚದವರೆಗೆ ನೀಲಿ ಸೋಕದ ಒಂದು ದಾರಿ ಉಳಿದಿತ್ತು.

ಅವತ್ತು ಮಧ್ಯಾಹ್ನ ಐವತ್ತೊಂದು ವರ್ಷದ ನಂತರ ಅವರು ಮತ್ತೆ ಅಂಬೆಗಾಲಿಟ್ಟರು. ಲೆಕ್ಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಮಲಗಿದರು. ಮೆಟ್ಟಿಲು ಬಂತು, ದುಪ್ಪಟಿ ಬಂತು, ಅಮ್ಮ ನಿಧಾನವಾಗಿ ತಿರುಗಿದರು. ಇವರು ಆಸೆಯಿಂದ ಕೈ ಎತ್ತಿದರು.

ಕೈ ನೀಲಿಯೊಳಗೆ ಹೋಯಿತು. ಬಾಲ ತುಳಿಸಿಕೊಂಡ ನೂರು ಬೆಕ್ಕುಗಳಂತೆ ಮನೆ ಅರಚಿಕೊಂಡಿತು.

ಪಕ್ಕದ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಸೀಟಿ ಊದುತ್ತಾ ಬಂದು ಮುಂಬಾಗಿಲಿಗೆ ಬೆಂಚು ಅಡ್ಡ ಎಳೆದರು. ಎದುರು ಮನೆಯ ಟೈಲರಮ್ಮ ಕತ್ತರಿ ಹಿಡಿದೇ ಬಂದರು. ಮಂಚದ ಕೆಳಗೆ ಸೇರಿದ್ದ ನಕಾಶೆಯವರ ಫೋನು ನಡುಗಿತು.

"ನಿಮ್ಮನೇಲಿ ಕಳ್ಳ ಸೇರ್ಕೊಂಡಿದಾನೆ, ಬೇಗ ಬನ್ನಿ," ಎಂದರು ಮೇಷ್ಟ್ರು.

"ಆಫೀಸಲ್ಲಿದ್ದೀನಿ ಮೇಷ್ಟ್ರೇ," ನಕಾಶೆಯವರು ಪಿಸುಗುಟ್ಟಿದರು.

"ಅಲ್ಲೂ ಅಲಾರಂ ಹೊಡ್ಕೋತಿದೆಯಲ್ರೀ."

"ನಿಮ್ಮ ಕಡೆಯಿಂದಲೇ ಕೇಳಿಸ್ತಿರೋದು."

ಮೇಷ್ಟ್ರು ಒಪ್ಪಿಕೊಂಡರು. ನಕಾಶೆಯವರು ಬಚ್ಚಲ ಕಿಟಕಿ ಹಾರಿ, ಮೊಣಕೈ ತರಚಿಕೊಂಡು, ಹಿಂದಿನ ಓಣಿ ಸುತ್ತಿ ಏದುಸಿರು ಬಿಡುತ್ತಾ ಮುಂದೆ ಬಂದರು. ಎರಡೇ ನಿಮಿಷಕ್ಕೆ ಆಫೀಸಿನಿಂದ ಓಡಿಬಂದರೆಂದು ಟೈಲರಮ್ಮನಿಗೆ ಕಣ್ಣು ತುಂಬಿತು. ಅವರು ನೀರು ತಂದುಕೊಟ್ಟರು, ಕೇಳದೆಯೇ ಅಂಗಿಯ ಹರಿದ ತೋಳಿಗೆ ಎರಡು ಹೊಲಿಗೆ ಹಾಕಿದರು. ಬಾಗಿಲು ತೆರೆದು ಅಲಾರಂ ನಿಲ್ಲಿಸಿ ಹುಡುಕಿದರೆ ಕಳ್ಳ ಎಲ್ಲಿ? ಮೇಷ್ಟ್ರು ದಿಂಬು ಮುಟ್ಟಿ ನೋಡಿದರು.

"ಇನ್ನೂ ಬೆಚ್ಚಗಿದೆ. ಮಲಗೋಕೇ ಬಂದಿದ್ದ ಕಣ್ರೀ. ರುಚಿ ಹತ್ತಿದೆ, ಮತ್ತೆ ಬರ್ತಾನೆ. ಇವತ್ತಿಂದ ದಿನಾ ಮಧ್ಯಾಹ್ನ ನಾನೇ ಇಲ್ಲಿ ಕಾವಲಿರ್ತೀನಿ. ನೀವು ನಿಶ್ಚಿಂತೆಯಾಗಿ ಆಫೀಸಿಗೆ ಹೋಗಿ."

ನಕಾಶೆಯವರು ಬೇಡವೆನ್ನಲು ಹುಡುಕಿದ ಕಾರಣಗಳೆಲ್ಲ ಅವರನ್ನೇ ಹಿಡಿದುಕೊಡುವಂಥವು. ಬೀಗದ ಕೈ ಕೊಟ್ಟು ಹೋದರು. ಪುಣ್ಯಕ್ಕೆ ಸಾಹೇಬರು ಸಭೆಯಲ್ಲಿದ್ದರು.

ಸಂಜೆ ಬಂದಾಗ ಮೇಷ್ಟ್ರು ಅವರದೇ ಮಂಚದ ಮೇಲೆ ಕಣ್ಣುಜ್ಜಿಕೊಳ್ಳುತ್ತಾ ಏಳುತ್ತಿದ್ದರು. ಆಗತಾನೇ ಬಂದಿದ್ದ ಹೆಂಡತಿ ಬಾಗಿಲಲ್ಲಿ ನಿಂತಿದ್ದರು.

"ತಪ್ಪು ತಿಳ್ಕೋಬೇಡಿ, ಒಂದು ಜೋಂಪು ಹತ್ತಿತು," ಎಂದರು ಮೇಷ್ಟ್ರು. "ಎಂಥ ಕನಸು ಅಂತೀರಿ. ಯಾರೋ ಹೆಂಗಸು, ಮೆಟ್ಟಿಲ ಮೇಲೆ ಕೂತು ದುಪ್ಪಟಿ ಮಡಿಸ್ತಿದ್ರು. ತಿರುಗಿ ನೋಡಿ, ‘ನೀನಲ್ಲಪ್ಪ, ನನ್ನ ಮಗನಿಗೆ ಹೇಳು’ ಅಂತ ಒಂದು ಮಾತು ಹೇಳಿದ್ರು."

ನಕಾಶೆಯವರು ಮಂಚದ ಹತ್ತಿರಕ್ಕೆ ಬಂದರು. "ಏನು ಹೇಳಿದ್ರು?"

ಮೇಷ್ಟ್ರು ತಲೆ ಕೆರೆದುಕೊಂಡರು, ಸೂರು ನೋಡಿದರು. "ನಾಲಿಗೆ ತುದೀಲಿದೆ. ಚಿಲಕ ತೆಗೆದ ಸದ್ದಿಗೆ ಮರೆತೇಹೋಯ್ತು ನೋಡಿ. ಇರಲಿ, ನಾಳೆ ಮಲಗಿ ಕೇಳ್ತೀನಿ."

ಅವರು ಹೊರಟುಹೋದರು. ಹೆಂಡತಿ ಗಂಡನ ಮುಖ ನೋಡಿದರು. ತೋಳಿನ ಹೊಲಿಗೆ ನೋಡಿದರು. ಒಳಗೆ ಹೋಗಿ ಒಲೆ ಹಚ್ಚಿದರು. ಸ್ವಲ್ಪ ಹೊತ್ತಿಗೆ, ಮಂಚದ ತುದಿಯಲ್ಲಿ ಕೂತಿದ್ದವರ ಕೈಗೆ ಬಿಸಿ ಊಟದ ತಟ್ಟೆ ಇಟ್ಟು, ಪಕ್ಕದಲ್ಲಿ ಕೂತರು.