ರಿಮೋಟಿನ ಹೊಟ್ಟೆಯೋ, ಬ್ರೈಸನ ಸರ್ವರೋ

ಹಳೆಯ ಐದು ರಿಮೋಟುಗಳನ್ನು ಚರ್ಚಿನವರ ಹಳೆ ಸಾಮಾನಿನ ಅಂಗಡಿಗೆ ದಾನ ಕೊಟ್ಟು ಒಂದೇ ಒಂದು ಜಾಣ ರಿಮೋಟು ತಂದದ್ದು ಕ್ಲೈವನ ಮೊದಲ ತಪ್ಪು. ಚೆಂಡನ್ನು ಕೈಯಲ್ಲೂ ಹಿಡಿದು ಆಡುವ ಆಸ್ಟ್ರೇಲಿಯದ ಫುಟ್‌ಬಾಲ್ ಫೈನಲ್ಲಿನ ಹಿಂದಿನ ದಿನ ತಂದದ್ದು ಎರಡನೆಯದು. ಅವನ ತಂಡ ಫೈನಲ್ ಮುಟ್ಟಿದ್ದೇ ಮೂವತ್ತೊಂದು ವರ್ಷದ ಮೇಲೆ. ಇದೊಂದು ಆಟ ಕಣ್ತುಂಬ ನೋಡಿದರೆ ಸಾಕೆಂದು ಹೆಂಡತಿ ನೊರೀನಳಿಗೆ ವಾರವಿಡೀ ಹೇಳಿ, ಬೆಂಡಿಗೋ ಊರಿನ ತನ್ನ ಬೀದಿಯವರನ್ನೆಲ್ಲ ಮನೆಗೆ ಕರೆದಿದ್ದ.

ಟೀವಿ, ಸ್ಪೀಕರು, ಹೀಟರು ಒಂದೊಂದರ ಭಾಷೆ ಒಂದೊಂದು. ರಿಮೋಟಿಗೆ ಅವು ತಿಳಿಯಬೇಕಾದರೆ ನಡುವೆ ದುಭಾಷಿಯಂಥ ತಂತ್ರಾಂಶಗಳು ಬೇಕು. ಆ ದುಭಾಷಿಗಳನ್ನು ರಿಮೋಟಿನ ಹೊಟ್ಟೆಯಲ್ಲೇ ಇಡಬೇಕೋ, ಹೊರಗೊಂದು ಸರ್ವರಿನಲ್ಲೋ ಎಂಬುದೇ ಅಕ್ಕಪಕ್ಕದ ಮನೆಯವರ ಜಗಳ.

ಫೈನಲ್ಲಿನ ದಿನ ಬೆಳಿಗ್ಗೆ ಬಲಗಡೆ ಮನೆಯ ಮರ್ವ್ ಬಂದ. "ಹೊಟ್ಟೇಲಿದ್ದದ್ದು ನಮ್ಮದು ಕಣೋ, ಹೊರಗಿಟ್ಟದ್ದು ಊರಿಂದು" ಎಂದು ಎಲ್ಲವನ್ನೂ ರಿಮೋಟಿಗೇ ತುರುಕಿದ. ಮಧ್ಯಾಹ್ನಕ್ಕೆ ಅದು ಕಾದ ಹೆಂಚಾಯಿತು. ಈಗ ಒತ್ತಿದರೆ ಹತ್ತು ನಿಮಿಷಕ್ಕೆ ಟೀವಿ ಹತ್ತಿತು, ಮರುಗಳಿಗೆ ಆರಿತು.

ಎಡಗಡೆ ಮನೆಯ ಬ್ರೈಸ್ ಇದಕ್ಕೇ ಕಾದಿದ್ದ. ಅಂಗೈಯಗಲದ ಸಾಮಾನಿಗೆ ಇಷ್ಟು ಹೊರೆ ಹೊರಿಸುತ್ತಾರೆಯೇ ಎಂದು ಮರ್ವ್‌ನನ್ನು ಬೈದು, ಎಲ್ಲವನ್ನೂ ತನ್ನ ಮನೆಯ ಸರ್ವರಿಗೆ ಸಾಗಿಸಿದ. ಆ ಗಡಿಬಿಡಿಯಲ್ಲಿ ಅವನ ಸ್ವಂತ ರಿಮೋಟಿನ ನೆನಪೆಲ್ಲ ಅಳಿಸಿಹೋಯಿತು.

ಎರಡು ಇಪ್ಪತ್ತಕ್ಕೆ, ಮಾಂಸದ ಪೈ ತಟ್ಟೆ ಹಿಡಿದ ನೆರೆಹೊರೆಯವರ ಮುಂದೆ ಕ್ಲೈವ್ ಗುಂಡಿ ಒತ್ತಿದ. ಟೀವಿ ಹತ್ತಿತು, ಆದರೆ ಬ್ರೈಸನ ಮನೆಯಲ್ಲಿ. ಬ್ರೈಸನ ಮನೆಯ ಸಾಮಾನುಗಳೆಲ್ಲ ಈಗ ಕ್ಲೈವನ ರಿಮೋಟಿಗೆ ಗಂಟುಬಿದ್ದಿದ್ದವು. ಸರಿಪಡಿಸಲು ಒಂದು ಗಂಟೆ ಬೇಕು, ಆಟಕ್ಕೆ ಹತ್ತೇ ನಿಮಿಷ. ಕ್ಲೈವನ ಟೀವಿಯ ಗುಂಡಿಯೋ ಗೋಡೆಗೆ ಅಂಟಿಕೊಂಡ ಬೆನ್ನಿನಲ್ಲಿ.

"ಎಲ್ಲಿ ಹತ್ತಿತೋ ಅಲ್ಲೇ ನೋಡೋಣ, ನಡೀರಿ" ಎಂದಳು ನೊರೀನ್.

ಕ್ಲೈವನೂ ರಿಮೋಟು ಹಿಡಿದು ಹೊರಟ. ಬೇಲಿ ದಾಟಿದ್ದೇ ತಡ, ಅವನ ಮನೆಯ ವೈಫೈ ತಪ್ಪಿ ಬ್ರೈಸನ ಟೀವಿ ಆರಿತು. ಹಿಂದೆ ಬಂದರೆ ಹತ್ತಿತು. ಅಷ್ಟೇ ಅಲ್ಲ, ಎರಡು ನಿಮಿಷ ಸುಮ್ಮನಿದ್ದರೆ ರಿಮೋಟು ನಿದ್ದೆ ಹೋಗುತ್ತಿತ್ತು, ಟೀವಿಯೂ ಹೋಗುತ್ತಿತ್ತು.

"ನೀನು ಇಲ್ಲೇ ಕೂತು ಒತ್ತುತಿರು ಮಾರಾಯ. ಆಟದ ನಾಲ್ಕು ಕ್ವಾರ್ಟರಿನಲ್ಲಿ ಒಂದೊಂದಕ್ಕೆ ಒಬ್ಬೊಬ್ಬರು ಬಂದು ನಿನ್ನ ಬಿಡಿಸ್ತೀವಿ" ಎಂದ ಮರ್ವ್.

ಮೊದಲ ಕ್ವಾರ್ಟರ್ ಮುಗಿಯಿತು, ಎರಡನೆಯದೂ ಮುಗಿಯಿತು. ಯಾರೂ ಬರಲಿಲ್ಲ. ಫೋನಿನಲ್ಲಾದರೂ ನೋಡೋಣವೆಂದರೆ, ಸದ್ದು ಏರಿಸು, ಇಳಿಸು ಎಂಬ ಬ್ರೈಸನ ಅಪ್ಪಣೆಗಳಿಗೆ ಅದು ಕಿವಿಗೇ ಅಂಟಿರಬೇಕಿತ್ತು. ಕ್ಲೈವನಿಗೆ ಅಳು ಬಂತು. ತಾನು ಹುಟ್ಟಿದ್ದೇ ಗುಂಡಿ ಒತ್ತಲು ಎನಿಸಿತು.

ಕೊನೆಯ ಕ್ವಾರ್ಟರಿನಲ್ಲಿ ರಿಮೋಟು, ಫೋನು ಹಿಡಿದೇ ನೀರು ಕುಡಿಯಲು ಅಡುಗೆಮನೆಗೆ ಹೋದವನು ಸಿಂಕಿನ ಮೇಲಿನ ಕಿಟಕಿಯಲ್ಲಿ ಕಲ್ಲಾಗಿ ನಿಂತ. ಬ್ರೈಸನ ಕಿಟಕಿಯೊಳಗೆ, ಮರ್ವ್‌ನ ಬೋಳುತಲೆಯ ಪಕ್ಕದಲ್ಲಿ, ಟೀವಿ ಇಡಿಯಾಗಿ ಕಾಣುತ್ತಿತ್ತು. ಅವನ ತಂಡ ಐದೇ ಪಾಯಿಂಟು ಹಿಂದೆ, ಒಂದು ಗೋಲಿಗೆ ಆರು. ಉಳಿದದ್ದು ಒಂದು ನಿಮಿಷ. ಚೆಂಡು ಅವನ ನಾಯಕನ ಕೈಯಲ್ಲಿ, ಗೋಲು ಕಂಬಗಳು ನೇರ ಎದುರಿಗೆ. ಕ್ಲೈವ್ ತುದಿಗಾಲಲ್ಲಿ ನಿಂತ.

"ಕ್ಲೈವ್, ಟೀವಿ ಮೇಲೆ ಬಿಸಿಲು ಹೊಡೀತಿದೆ, ಇಲ್ಲಿ ಯಾರಿಗೂ ಏನೂ ಕಾಣ್ತಿಲ್ಲ" ಎಂದಿತು ಫೋನಿನಲ್ಲಿ ಬ್ರೈಸನ ದನಿ. "ನಮ್ಮ ಕಿಟಕಿ ಪರದೆ ಗುಂಡೀನೂ ನಿನ್ನ ಹತ್ರಾನೇ ಇದೆ. ಬೇಗ ಮುಚ್ಚು."

ಹಿಂದಿನಿಂದ ನೊರೀನಳ ದನಿಯೂ ಬೇಗ ಬೇಗ ಎಂದಿತು. ಕ್ಲೈವ್ ಒತ್ತಿದ. ಆ ದಿನ ಮೊದಲ ಸಲ, ಒಂದೇ ಒತ್ತಿಗೆ ರಿಮೋಟು ಮಾತು ಕೇಳಿತು. ಪರದೆ ಸರ್ರನೆ ಮುಚ್ಚಿಕೊಂಡಿತು.

ಬೇಲಿಯಾಚೆ ದೊಡ್ಡ ಕೂಗೆದ್ದಿತು. ಗೆದ್ದದ್ದಕ್ಕೋ ಸೋತದ್ದಕ್ಕೋ ತಿಳಿಯಲಿಲ್ಲ. ಕೇಳೋಣವೆಂದರೆ ಬ್ರೈಸ್ ಆಗಲೇ ಫೋನು ಇಟ್ಟಿದ್ದ.