ಮಾವನ ಕೋಲಾಟಕ್ಕೆ ಸಿಕ್ಕಿಬಿದ್ದವರು

ಕೊಣನೂರಿನ ನಮ್ಮ ಸೋದರಮಾವನಿಗೆ ಹೆಣ್ಣು ಕೊಟ್ಟವರು ಯಾರೆಂದು ಗೊತ್ತು. ಕೈಗೆ ಕೋಲು ಕೊಟ್ಟವರು ಯಾರೋ, ಅವರನ್ನು ನಾನು ಇನ್ನೂ ಹುಡುಕುತ್ತಿದ್ದೇನೆ! ಆ ಎರಡು ಕೋಲಿನ ದೆಸೆಯಿಂದ ನಮ್ಮ ವಂಶದಲ್ಲಿ ಬೆರಳ ಗೆಣ್ಣು ನೆಟ್ಟಗಿರುವ ಗಂಡಸು ಒಬ್ಬನೂ ಉಳಿದಿಲ್ಲ.

ಮಾವನಿಗೆ ಬೇಕಾದದ್ದು ಇಷ್ಟೇ: ಕೋಲಾಟ ನೀರಿನ ಹಾಗೆ ಹರಿಯಬೇಕು. ಎದುರಿನವನ ಕೋಲಿಗೆ ಕೋಲು ತಾಗಿಸಿ, ಅವನನ್ನು ಬಲಕ್ಕೆ ದಾಟಿ, ಮುಂದಿನವನನ್ನು ಎಡಕ್ಕೆ ದಾಟುವಾಗ ಕೈ ಆಗಲೇ ಮುಂದಿನ ಏಟಿಗೆ ಎದ್ದಿರಬೇಕು. ಒಂದು ವರಸೆ ಮುಗಿದ ಜಾಗದಲ್ಲೇ ಇನ್ನೊಂದು ಹುಟ್ಟಬೇಕು. ಕೇಳುವುದಕ್ಕೆ ಎಷ್ಟು ಸಲೀಸು! ಕುರ್ಚಿಯಲ್ಲಿ ಕೂತು ಕೂತು ಸೊಂಟ ಹಿಡಿದ ನನ್ನಂಥವನ ಗತಿ?

"ಕಾಲ್ ನೋಡ್ಕಬ್ಯಾಡ ಕಣ್ಲಾ ಅಳೀಮಯ್ಯ! ಬರೋನ್ ಮಕ ನೋಡು!"

"ಮಕ ನೋಡ್ತಾ ಕೂತ್ರೆ ಗೆಣ್ಣಿಗೆ ಬೀಳ್ತದಲ್ಲ ಮಾವ?"

"ಬೀಳ್ಲಿ. ತಪ್ಪಿದ್ರೂ ನಿಲ್ಬ್ಯಾಡ. ತಪ್ಪುನ್ನ ಮುಚ್ಕಬೋದು, ನಿಂತ್ಕಂಡ್ರೆ ಆಟ ಸತ್ತೋಯ್ತದೆ!"

ಈ ಹುಚ್ಚು ಕೋಲಿನಲ್ಲೇ ಮುಗಿದಿದ್ದರೆ ನಾವು ಬದುಕಿಕೊಳ್ಳುತ್ತಿದ್ದೆವು. ಸಂತೆ ದಿನ ಅರಕಲಗೂಡು ಬಸ್ಸಿನ ಬಾಗಿಲಲ್ಲಿ ನೂಕುನುಗ್ಗಲು ಕಂಡು ಮಾವನಿಗೆ ಸಹಿಸಲಾಗಲಿಲ್ಲ. ಇಳಿಯುವವರು ಒಂದು ಕಡೆ, ಹತ್ತುವವರು ಇನ್ನೊಂದು ಕಡೆ, ಬುಟ್ಟಿ ತಲೆ ಮೇಲೆ ಎಂದು ಚಪ್ಪಾಳೆ ತಟ್ಟಿ ತಾಳ ಹಾಕಿದರು. ಬಸ್ಸು ಎಂದೂ ಇಲ್ಲದಷ್ಟು ಸೊಗಸಾಗಿ ತುಂಬಿ ಹೊರಟೇ ಹೋಯಿತು. ಮಾವ ಕೆಳಗೇ ಉಳಿದಿದ್ದರು!

ಬರಬರುತ್ತಾ ತಂಡದ ಹಳಬರು ಕೆಲವರು ಮಂಡಿನೋವೆಂದು ಕೂತರು, ಕೆಲವರು ತೀರಿಕೊಂಡರು. ಉಳಿದವರು ನಾವು, ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವುದರಲ್ಲಿ ಪಳಗಿದವರು. ದಿನಸಿ ಅಂಗಡಿಯವನಂತೂ ಬಲಕ್ಕೆ ಎಂದರೆ ತಪ್ಪದೆ ಎಡಕ್ಕೇ ಹೋಗುತ್ತಿದ್ದ. ಇಂಥ ಹೊತ್ತಿನಲ್ಲಿ ಚನ್ನರಾಯಪಟ್ಟಣದ ಒಂದು ಸಮಾರಂಭದಿಂದ ಕರೆ ಬಂತು. "ಅಲ್ಲೂ ಆಟ ನಿಂತೋದ್ರೆ ಕೋಲ್ನ ಒಲೆಗಾಕ್ಬುಡ್ತೀನಿ," ಎಂದರು ಮಾವ. ನನಗೆ ಖುಷಿಯಾಗಬೇಕಿತ್ತು, ಅಲ್ಲವೇ? ಆಗಲಿಲ್ಲ.

ಹೊರಡುವಾಗ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದರು. "ಕಣ್ಣಿಟ್ಟಿರಪ್ಪ. ಈಚೀಚೆಗೆ ಬಚ್ಚಲಿಗೆ ಅಂತ ಓಗಿ ಕೊಟ್ಗೇಲಿ ನಿಂತಿರ್ತಾರೆ. ಯಾಕ್ ಬಂದೆ ಅಂತ ಅವ್ರಿಗೇ ಗೊತ್ತಿರಕಿಲ್ಲ." ಹೊಳೆನರಸೀಪುರ ದಾಟುವ ತನಕ ನಾನು ಅದನ್ನು ನಗೆಯಲ್ಲೇ ತೇಲಿಸಲು ನೋಡಿದೆ.

ವೇದಿಕೆಯ ಮೇಲೆ ಆಟ ಚೆನ್ನಾಗಿಯೇ ಹೊರಟಿತು. ಎರಡನೆಯ ವರಸೆಗೆ ಮಾವ ನನ್ನೆದುರು ಬಂದರು. ಜೀವಮಾನವಿಡೀ ಬಲಕ್ಕೆ ದಾಟಿದ ಆ ಜಾಗದಲ್ಲಿ ಎಡಕ್ಕೆ ತಿರುಗಿದರು. ನಾನು ಮೊದಲ ಸಲ ಕಾಲು ನೋಡಿಕೊಳ್ಳದೆ ಬರುವವರ ಮುಖ ನೋಡಿದೆ. ಅದು ಸಂತೆಯಲ್ಲಿ ಅಮ್ಮನ ಕೈ ತಪ್ಪಿಹೋದ ಮಗುವಿನ ಮುಖ! ನಾನೂ ಎಡಕ್ಕೇ ದಾಟಿದೆ. ಹಿಂದಿದ್ದ ಅಂಗಡಿಯವನು ಎಂದಿನಂತೆ ಎಡಕ್ಕೇ ಬಂದ, ಅವನಿಂದ ಒಳ್ಳೆಯದೇ ಆಯಿತು. ಮಿಕ್ಕವರು ನನ್ನ ಕಣ್ಣು ನೋಡಿ ಅರ್ಥ ಮಾಡಿಕೊಂಡರು. ಇಡೀ ಸುತ್ತು ತಪ್ಪಿತು. ಎಲ್ಲರೂ ಒಟ್ಟಿಗೇ ತಪ್ಪಿದ್ದರಿಂದ ಆಟ ಎಲ್ಲೂ ನಿಲ್ಲಲಿಲ್ಲ.

ಕೆಳಗಿಳಿದು ಬಂದ ಮಾವನ ಮುಖ ಅರಳಿತ್ತು. ಬಾತುಕೊಂಡ ನನ್ನ ಬೆರಳುಗಳನ್ನು ಹಿಡಿದು, ತುಂಬ ಮರ್ಯಾದೆಯಿಂದ ಕೇಳಿದರು.

"ಬೋ ಚೆಂದಾಗ್ ಕುಣುದ್ರಿ ಸಾ. ಯಾವೂರು ತಮ್ದು?"

ನಾನು ಆಟ ನಿಲ್ಲಿಸಲಿಲ್ಲ.

"ಕೊಣನೂರೇ ಸಾ," ಎಂದೆ. "ನಮ್ಮಾವ ಕಲ್ಸಿದ್ದು."