ಸ್ವೆಟರ್ ತೊಟ್ಟ ಬಾಳೆಗಿಡ

ನಮ್ಮ ಕಾಕಾನಿಗೆ ಹುಚ್ಚು ಹಿಡಿದಿದೆ ಎಂದು ಸೇಡಂ ರಸ್ತೆಯ ನಮ್ಮ ಓಣಿಯವರು ಹೇಳಿದರೆ ನಾನು ಒಪ್ಪುತ್ತಿರಲಿಲ್ಲ. ಹಿಡಿದಿದೆ ಎಂದರೆ ನಡುವೆ ಎಂದೋ ಬಂದದ್ದು ಎಂದಾಯಿತಲ್ಲ? ಅದು ಹುಟ್ಟುವಾಗಲೇ ಜೊತೆಗೆ ಬಂದದ್ದು!

ಕಾಕಾ ನಮ್ಮಪ್ಪನ ತಮ್ಮ, ಬ್ರಹ್ಮಚಾರಿ. ಕಮಲಾಪುರದ ಶಾಲೆಯೊಂದರಲ್ಲಿ ಕಾರಕೂನನಾಗಿ ನಿವೃತ್ತನಾದವನು ತೊಂಬತ್ತರ ದಶಕದ ಒಂದು ಚಳಿಗಾಲದಲ್ಲಿ ನಮ್ಮ ಮನೆಗೇ ಇರಲು ಬಂದ. ಟ್ರಂಕನ್ನು ಬಸ್ಸಿನಲ್ಲೇ ಮರೆತಿದ್ದ. ತೊಡೆಯ ಮೇಲಿನ ಕೆಂಪು ಬಾಳೆಯ ಮರಿಯನ್ನು ಮಾತ್ರ ಮರೆತಿರಲಿಲ್ಲ. "ಇದಕ್ಕೂ ಟಿಕೆಟ್ ತಗೋಬೇಕಾಗ್ತದ ನೋಡ್ರಿ" ಎಂದು ಕಂಡಕ್ಟರ್ ಚೇಷ್ಟೆ ಮಾಡಿದರೆ, "ಇನ್ನಾ ಕೂಸದರೀ, ಅರ್ಧಾ ಕೊಡ್ರಿ" ಎಂದನಂತೆ. ಕಂಡಕ್ಟರ್ ಹರಿದು ಕೊಟ್ಟೇಬಿಟ್ಟ!

ದಿನಾ ಬೆಳಿಗ್ಗೆ ಅಂಗಳದಲ್ಲಿ ಗಿಡಗಳ ಹಾಜರಿ. "ಮಲ್ಲಿಗೀ?" ಎಂದು ಕೂಗುವವನೂ ಅವನೇ, "ಹಾಜರ್ ರೀ!" ಎನ್ನುವವನೂ ಅವನೇ. ಪಕ್ಕದ ಮನೆಯವರು ಚಹಾದ ಕಪ್ಪು ಹಿಡಿದೇ ಕಾಂಪೌಂಡಿಗೆ ಬಂದು ನಿಲ್ಲುತ್ತಿದ್ದರು. ನಾನು ಆಗಷ್ಟೇ ಕಾಲೇಜಿನಲ್ಲಿ ಉಪನ್ಯಾಸಕಿಯಾದವಳು. ತಲೆ ತಗ್ಗಿಸಿಕೊಂಡು ಗೇಟು ದಾಟುತ್ತಿದ್ದೆ.

ಒಂದು ದಿನ ನನ್ನ ಹೊಸ ಸ್ವೆಟರ್ ಕಾಣಲಿಲ್ಲ. ಹುಡುಕಿದರೆ ಬಾಳೆಗಿಡದ ಮೈಮೇಲೆ!

"ಕಾಕಾ, ಏನಿದು?"

"ಥಂಡಿ ನಿನಗಷ್ಟ ಏನು?"

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಯಿತು, ಸ್ವೆಟರ್ ನನಗೆ ವಾಪಸು ಬಂತು, ಎರಡು ಇರುವೆಗಳ ಸಮೇತ. ಅಂಗಳ ಮಾತ್ರ ಒಮ್ಮೆಲೇ ಅರಳಿ ನಿಂತಿತು. ನುಗ್ಗೆಯ ತುಂಬ ಹೂ, ಮಲ್ಲಿಗೆಯ ತುಂಬ ಮೊಗ್ಗು. ಗುಲಾಬಿಯಂತೂ ಕೇಳಲೇಬೇಡಿ.

ಆ ಭಾನುವಾರ ಹೇಳದೆ ಕೇಳದೆ ನಮ್ಮ ಪ್ರಿನ್ಸಿಪಾಲ್ ಮೇಡಂ ಬಂದರು. ಅಪ್ಪ ಅಮ್ಮ ಮನೆಯಲ್ಲಿರಲಿಲ್ಲ. ಅಂಗಳದಲ್ಲಿ ಕಾಕಾ, ಹರಿದ ಬನಿಯನ್, ಮೊಣಕೈವರೆಗೆ ಸೆಗಣಿ.

"ಎಷ್ಟ್ ಛಂದ ಹೂವರೀ! ಇವ್ರು ಯಾರು?"

"ನಮ್ಮ... ಮಾಲಿ ರೀ, ಮೇಡಂ."

ಹೇಳಿದ್ದು ನಾನೇ. ಇಷ್ಟು ವರ್ಷವಾದರೂ ಅದನ್ನು ಬರೆಯುವಾಗ ಕಿವಿ ಬಿಸಿಯಾಗುತ್ತದೆ.

ಕಾಕಾ ಒಂದೇ ಕ್ಷಣ ನನ್ನನ್ನು ನೋಡಿದ. ಆಮೇಲೆ ಕೈಮುಗಿದು, "ಹೌದ್ರೀ ಅಮ್ಮಾರ, ನಾ ಈ ಮನಿ ಮಾಲಿ" ಎಂದ. ಮೇಡಂ ಒತ್ತಾಯಕ್ಕೆ ನಾನು ಚಹಾ ಕೊಟ್ಟರೆ, ಸ್ವಂತ ಅಣ್ಣನ ಮನೆಯ ಮೆಟ್ಟಿಲ ಕೆಳಗೆ ನಿಂತು ಎರಡೂ ಕೈಯಿಂದ ಇಸಿದುಕೊಂಡ. "ನಮ್ಮ ಕಾಲೇಜಿನ ತ್ವಾಟ ಒಣಗ್ಯದ, ಬರ್ತೀರೇನು?" ಎಂದು ಮೇಡಂ ಕೇಳಿದಾಗ ನನ್ನ ಕಡೆ ತಿರುಗಿ, "ಅಕ್ಕಾರ ಅಪ್ಪಣಿ ಬೇಕಲ್ರೀ" ಎಂದ.

ಅವರು ಹೋದ ಮೇಲೆ ನಾನು ಅವನ ಪಕ್ಕ ಹೋಗಿ ಕುಳಿತೆ.

"ಅಳ್ತಿ ಯಾಕ, ಹುಚ್ಚಿ? ಮೂವತ್ತು ವರ್ಷ ಮಂದಿ ಕಾರಕೂನ, ಕಾರಕೂನ ಅಂದ್ರು. ಮಾಲಿ ಅಂದಾಕಿ ನೀನ ಮೊದಲನೇದಾಕಿ. ಖುಷಿ ಆತು."

ನಕ್ಕ. ಆದರೆ ನನ್ನ ಕಡೆ ಮುಖ ತಿರುಗಿಸಲಿಲ್ಲ. ಕಳೆ ಕೀಳುತ್ತಿದ್ದ ಅವನ ಕೈ, ಮೊನ್ನೆಯಷ್ಟೇ ತಾನೇ ನೆಟ್ಟ ಚೆಂಡುಹೂವಿನ ಸಸಿಗಳನ್ನು ಒಂದೊಂದಾಗಿ ಕಿತ್ತು ಬದಿಗಿಡುತ್ತಿತ್ತು. ಅದು ಅವನಿಗೆ ತಿಳಿದಿರಲಿಲ್ಲ.

ಸೋಮವಾರ ಮೇಡಂ ಕೋಣೆಗೆ ಹೋಗಿ ಹೇಳಿದೆ, "ಅವರು ಮಾಲಿ ಅಲ್ಲರೀ. ನಮ್ಮ ಕಾಕಾ."

ಮೇಡಂ ಕಡತದಿಂದ ತಲೆ ಎತ್ತಲಿಲ್ಲ. "ನಿನ್ನೇನೇ ಗೊತ್ತಾಗಿತ್ತು. ನಿಮ್ಮಿಬ್ಬರದೂ ಮೂಗು ಒಂದೇ ಅದ."

ಭೂಮಿ ಬಾಯಿ ಬಿಡಬಾರದೇ ಎನಿಸಿತು! ಸಂಜೆ ಕಾಕಾನಿಗೆ ಎಲ್ಲ ಹೇಳಿದೆ. ಅವನು ಸಣ್ಣ ದನಿಯಲ್ಲಿ ಕೇಳಿದ: "ಹಂಗಾದ್ರ ಆ ಕಾಲೇಜಿನ ಕೆಲಸ ಹೋತೇನು ನಂದು?"

ಹೋಗಲಿಲ್ಲ. ಮರುದಿನ ಇಬ್ಬರೂ ಒಂದೇ ಆಟೋದಲ್ಲಿ ಹೋದೆವು. ಗೇಟಿನಿಂದ ಸ್ಟಾಫ್ ರೂಮಿನವರೆಗೆ, ಕೇಳಿದವರಿಗೆ, ಕೇಳದವರಿಗೆ, ಕಂಡಕಂಡವರಿಗೆಲ್ಲ ಹೇಳುತ್ತ ನಡೆದೆ: "ಇವರು ನಮ್ಮ ಕಾಕಾ ರೀ. ನಮ್ಮ ಕಾಕಾ."